ಕಾಲೇಜು ದಿನಗಳಲ್ಲಿ ನಿಮಗೆ ತುಂಬಾ ಇಷ್ಟವಾಗಿದ್ದ ಹೋಟೆಲ್ ಯಾವುದು?

ನಾನು ಓದಿದ್ದು ಧಾರವಾಡದಲ್ಲಿ, 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನಲ್ಲಿ. ಅಲ್ಲಿ ಓದಿದವರನ್ನು ಈ ಪ್ರಶ್ನೆ ಕೇಳಿದರೆ ಜಾಸ್ತಿ ಜನ ಎಲ್‌ಇಎ ಕ್ಯಾಂಟೀನಿನ ದೋಸೆ ಅಂತಾರೆ. ನನಗೂ ಆ ದೋಸೆ ಇಷ್ಟ. ಆದರೆ ಮೊದಲು ನೆನಪಾಗುವುದು ಒಂದು ಸಂದಿಯಲ್ಲಿದ್ದ ಸಣ್ಣ ಖಾನಾವಳಿ. ಅದಕ್ಕೆ ಬೋರ್ಡು ಕೂಡ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಗುರುತು.

ನಮ್ಮದು ಹಾವೇರಿ ಕಡೆಯ ಹಳ್ಳಿ. ಅವ್ವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬುತ್ತಿ ಕೊಟ್ಟು ಕಳಿಸುತ್ತಿದ್ದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಹಳ ದಿನ ಇಟ್ಟರೂ ಕೆಡುವುದಿಲ್ಲ. ಪಲ್ಯ ಹಾಗಲ್ಲವಲ್ಲ! ಆ ಖಾನಾವಳಿಯಲ್ಲಿ ಪಲ್ಯಕ್ಕಷ್ಟೇ ದುಡ್ಡು ಕೊಟ್ಟು, ನಮ್ಮ ಬುತ್ತಿ ಬಿಚ್ಚಿ ಅಲ್ಲೇ ಉಣ್ಣಬಹುದಿತ್ತು. ಪೂರಾ ಊಟ ತೆಗೆದುಕೊಂಡವರ ಸಾಲಿನಲ್ಲೇ ನಮಗೂ ಜಾಗ. ಬಡಿಸುವ ಅಕ್ಕಾರು "ಯಾಕ್ ತಮ್ಮಾ, ಬರೇ ಒಣಾ ರೊಟ್ಟಿ ತಿಂತಿ? ತಗೋ" ಅಂತ ಒಂದು ಬಿಸಿ ರೊಟ್ಟಿ ಹಾಕಿಬಿಡುತ್ತಿದ್ದರು. ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಉದ್ರಿ ಬರೆಸಿ ಉಂಡವರೂ ನಾವೇ.

ಎಣ್ಣೆಗಾಯಿ ಮಾತ್ರ ಅವರ ಕೈದೇ. ಎಳೆ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ, ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ ಸೇರಿಸಿದ ಖಾರ ತುಂಬುತ್ತಿದ್ದರು. ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ತೇಲುವವರೆಗೆ ಬೇಯಬೇಕು. ಗಡಿಬಿಡಿ ಮಾಡಿದರೆ ಒಳಗಿನ ಖಾರ ಹಸಿ ಹಸಿ ಉಳಿಯುತ್ತದೆ. ಅವರದು ಒಂದು ದಿನವೂ ಹಾಗಾಗಿದ್ದು ನನಗೆ ನೆನಪಿಲ್ಲ.

ಭಾನುವಾರ ಹುಬ್ಬಳ್ಳಿಗೆ ಹೋದರೆ ದುರ್ಗದಬೈಲಿನಲ್ಲಿ ಗಿರ್ಮಿಟ್, ಮಿರ್ಚಿ, ಮೇಲೊಂದು ಚಹಾ. ರಿಸಲ್ಟ್ ಬಂದ ದಿನ ಲೈನ್ ಬಜಾರಿನ ಠಾಕೂರರ ಅಂಗಡಿ ಮುಂದೆ ಫೇಡಾಕ್ಕೆ ಪಾಳಿ ನಿಲ್ಲುತ್ತಿದ್ದೆವು. ಅವೂ ಪ್ರೀತಿಯವೇ. ಆದರೆ ಮನೆ ಬಿಟ್ಟು ಬಂದ ಹುಡುಗನ ಹೊಟ್ಟೆ ನೋಡಿಕೊಂಡಿದ್ದು ಆ ಖಾನಾವಳಿ.

ಈಗ ಅದಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಊರಲ್ಲಿ ಒಳ್ಳೆಯ ಖಾನಾವಳಿಗಳು ಇನ್ನೂ ಇವೆ. ನೀವು ಹೋದರೆ ಮಧ್ಯಾಹ್ನ ಹಸಿದುಕೊಂಡೇ ಹೋಗಿ. ಬಿಸಿ ರೊಟ್ಟಿ ಅಂತ ಕೇಳಿ, ಎಣ್ಣೆಗಾಯಿ ಜೊತೆ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಹಾಕಿಸಿಕೊಳ್ಳಿ.