ತಲೆಗೆ ಪೆಟ್ಟಾದಾಗ ಸಿಟಿ ಸ್ಕ್ಯಾನೇ ಯಾಕೆ?

ಶಿಡ್ಲಘಟ್ಟದ ಓದುಗರೊಬ್ರು ಕೇಳಿದಾರೆ: ಮೂರು ವರ್ಷದ ಮಗ ಮಹಡಿ ಮೆಟ್ಟಿಲಿಂದ ಬಿದ್ದ, ಎರಡು ಸಲ ವಾಂತಿ ಮಾಡ್ಕೊಂಡ, ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋದ್ರೆ ಸಿಟಿ ಸ್ಕ್ಯಾನ್ (ಎಕ್ಸ್‌-ರೇಯಿಂದ ಒಳಗಿನ ಚಿತ್ರ ತೆಗೆಯೋದು) ಮಾಡಿ ಬುರುಡೇಲಿ ಸಣ್ಣ ಬಿರುಕು ಅಂದ್ರು. ಅಯಸ್ಕಾಂತದಿಂದ ಚಿತ್ರ ತೆಗೆಯೋ ಎಂಆರ್‌ಐಲಿ ರೇಡಿಯೇಷನ್ನೇ ಇಲ್ವಂತಲ್ಲ, ಅದನ್ಯಾಕೆ ಮಾಡ್ಲಿಲ್ಲ, ದುಡ್ಡಿನಾಸೆನಾ?

ದುಡ್ಡಿನ ಮಾತು ಬಿಡಿ ಸಾರ್, ಜೇಬಿಗೆ ಜಾಸ್ತಿ ಭಾರ ಎಂಆರ್‌ಐನೇ. ಅದು ಸಿಗ್ನಲ್ ಹಿಡಿಯೋದು ಮೈಯೊಳಗಿನ ನೀರು, ಕೊಬ್ಬಿನ ಹೈಡ್ರೋಜನ್‌ನಿಂದ. ಗಟ್ಟಿ ಮೂಳೇಲಿ ಅದು ಕಮ್ಮಿ, ಇರೋ ಚೂರು ಸಿಗ್ನಲ್ಲೂ ಒಂದು ಮಿಲಿಸೆಕೆಂಡ್ ಆಗೋದ್ರೊಳಗೆ ಸತ್ತೋಗತ್ತೆ, ಅದಕ್ಕೆ ಮಾಮೂಲಿ ಎಂಆರ್‌ಐಲಿ ಮೂಳೆ ಬರೀ ಕಪ್ಪು, ಕೂದಲೆಳೆ ಬಿರುಕು ಆ ಕಪ್ಪಲ್ಲೇ ಮುಚ್ಚೋಗತ್ತೆ.

ಹಂಗಂತ ನೀವು ಕೇಳಿದ್ದು ಸುಳ್ಳೇನಲ್ಲ. ಎಂಆರ್‌ಐಲೇ 'ಬ್ಲ್ಯಾಕ್ ಬೋನ್' ಅಂತ ಒಂದು ವಿಧಾನ ಇದೆ, 2012ರಲ್ಲಿ ಆಕ್ಸ್‌ಫರ್ಡಿನವರು ಪೇಪರ್ ಬರೆದ್ರು. ಮಿದುಳು, ಮಾಂಸ ಎಲ್ಲಾನೂ ಹೆಚ್ಚೂಕಮ್ಮಿ ಒಂದೇ ಬೂದು ಬಣ್ಣಕ್ಕೆ ತಂದು ಮೂಳೆನ ಮಾತ್ರ ಕಪ್ಪಗೆ ಬಿಡೋದು, ಆಗ ಬಿರುಕು ಎದ್ದು ಕಾಣತ್ತೆ. ಆದ್ರೆ ಗಾಳಿನೂ ಕಪ್ಪೇ ಅಲ್ವಾ, ಸೈನಸ್ (ಮೂಗಿನ ಸುತ್ತ ಗಾಳಿ ತುಂಬಿರೋ ಟೊಳ್ಳು) ಹತ್ರ, ಕಿವಿ ಹಿಂದೆ ಎರಡನ್ನೂ ಬೇರೆ ಮಾಡೋದು ಕಷ್ಟ. ನೆತ್ತಿ ಕಡೆ ಬುರುಡೆಗೆ ಪರವಾಗಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಟೈಮು. ಸಿಟಿ ಸೆಕೆಂಡುಗಳ ಕೆಲಸ. ಎಂಆರ್‌ಐಲಿ ಆ ಢಣಢಣ ಸದ್ದಲ್ಲಿ ಮಗು ನಿಮಿಷಗಟ್ಟಲೆ ಅಲ್ಲಾಡದೆ ಮಲಗ್ಬೇಕು, ಮೂರು ವರ್ಷದ್ದು ಎಲ್ಲಿ ಮಲಗತ್ತೆ? ನಿದ್ದೆ ಔಷಧಿ ಕೊಟ್ರೆ ಮಂಪರು ಪೆಟ್ಟಿಂದಾನಾ ಔಷಧಿಯಿಂದಾನಾ ಅಂತ ಡಾಕ್ಟ್ರಿಗೇ ಗೊತ್ತಾಗಲ್ಲ. ಆ ರಾತ್ರಿ ಅವರಿಗೆ ಮುಖ್ಯ ಬಿರುಕಲ್ಲ, ಒಳಗೆ ರಕ್ತ ಸೋರ್ತಿದ್ಯಾ ಅನ್ನೋದು, ಅದು ಸಿಟಿಲಿ ಬೇಗ ಗೊತ್ತಾಗತ್ತೆ. ಗೆರೆಯಂಥ ಬಿರುಕು ಸಾಮಾನ್ಯವಾಗಿ ತಾನೇ ಕೂಡ್ಕೊಳ್ಳತ್ತೆ.

ತಲೆ ಸಿಟಿಲಿ ಬರೋ ರೇಡಿಯೇಷನ್ ಸುಮಾರು 2 ಮಿಲಿಸೀವರ್ಟ್ (ರೇಡಿಯೇಷನ್ ಅಳೆಯೋ ಮಾನ), ನೆಲ-ಗಾಳಿ-ಆಕಾಶದಿಂದ ನಮಗೆಲ್ಲ ಒಂದು ವರ್ಷಕ್ಕೆ ಬರೋದೂ ಹತ್ರಹತ್ರ ಅಷ್ಟೇ. ಮಕ್ಕಳಿಗೆ ಅದೂ ಸುಮ್ಸುಮ್ನೆ ಬೇಡ, ಒಪ್ತೀನಿ. ಅದಕ್ಕೇ ನನ್ನ ಪ್ರಕಾರ ಕೇಳ್ಬೇಕಾದ್ದು 'ಸಿಟಿನಾ ಎಂಆರ್‌ಐನಾ' ಅಂತಲ್ಲ, 'ಸ್ಕ್ಯಾನೇ ಬೇಕಾ' ಅಂತ. 2009ರಲ್ಲಿ ಅಮೆರಿಕದಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನ ನೋಡಿ ಇದಕ್ಕೊಂದು ಲೆಕ್ಕಾಚಾರ ಮಾಡಿದಾರೆ: ಎರಡು ವರ್ಷ ದಾಟಿದ ಮಗುಗೆ ಎಚ್ಚರ ತಪ್ಪಿಲ್ಲ, ವಾಂತಿ ಇಲ್ಲ, ಜೋರು ತಲೆನೋವಿಲ್ಲ, ಐದಡಿಗಿಂತ ಮೇಲಿಂದ ಬೀಳೋದು, ಗಾಡಿ ಡಿಕ್ಕಿ ಥರ ಜೋರು ಪೆಟ್ಟಾಗಿಲ್ಲ, ಮಂಕಾಗಿಲ್ಲ, ಕಿವಿ ಹಿಂದೆ ಕಂದೋದು ಥರ ಬುರುಡೆ ತಳ ಬಿರಿದ ಗುರುತಿಲ್ಲ ಅಂದ್ರೆ ಸ್ಕ್ಯಾನೇ ಬೇಡ. ನಿಮ್ಮ ಮಗಂಗೆ ವಾಂತಿ ಆಗಿತ್ತಲ್ಲ, ಅಲ್ಲಿ ಡಾಕ್ಟ್ರು ಮಾಡಿದ್ದು ನಂಗೆ ತಪ್ಪು ಅನ್ಸಲ್ಲ.

ಬೆಂಗಳೂರಲ್ಲಿ ಇನ್ನೊಂದ್ಸಲ ತೋರಿಸೋದಾದ್ರೆ ಬರೀ ರಿಪೋರ್ಟ್ ಸಾಲ್ದು, ಸ್ಕ್ಯಾನ್ ಸೆಂಟರಲ್ಲಿ ಕೇಳಿ ಸಿಡಿ ಇಸ್ಕೊಂಡ್ಹೋಗಿ, ಚಿತ್ರ ಇಲ್ಲ ಅಂತ ಅಲ್ಲಿ ಮತ್ತೆ ಸಿಟಿ ಮಾಡಿಸೋದು ತಪ್ಪತ್ತೆ.