ಹುಡುಗಿಯರಿಗೆ ಆರ್ಥೋ ಆಗುತ್ತಾ? ಆಗುತ್ತೆ, ಆದರೆ ಡಿಪಾರ್ಟ್‌ಮೆಂಟ್ ನೋಡಿಕೊಳ್ಳಿ

ನಿಮ್ಮ ಪ್ರಶ್ನೆ ಇಷ್ಟು: ಇಂಟರ್ನ್‌ಶಿಪ್ ಮುಗಿದಿದೆ, ನಿಮ್ಮ ನೀಟ್ ಪಿಜಿ ರ‍್ಯಾಂಕಿಗೆ ಆರ್ಥೋನೂ (ಮೂಳೆ, ಕೀಲಿನ ವಿಭಾಗ) ಸಿಗುತ್ತದೆ, ಒಬಿಜಿನೂ (ಹೆರಿಗೆ, ಸ್ತ್ರೀರೋಗ ವಿಭಾಗ) ಸಿಗುತ್ತದೆ. ಮನಸ್ಸು ಆರ್ಥೋ ಕಡೆಗಿದೆ. ಮನೆಯವರು, ಸೀನಿಯರ್‌ಗಳು ಎಲ್ಲರೂ "ಅದು ಗಂಡಸರ ಬ್ರಾಂಚು" ಅನ್ನುತ್ತಿದ್ದಾರೆ. ಅಲ್ಲಿ ಹೆಣ್ಣುಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ.

ನಾನು ಎಂಎಸ್ ಆರ್ಥೋ ಮುಗಿಸಿ ಈಗ ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಬ್ಯಾಚಿನಲ್ಲಿ ನಾನೊಬ್ಬಳೇ ಹುಡುಗಿ. ನಾನು ಕಂಡ ಹಾಗೆ ಆರ್ಥೋ ಕೆಲಸದಲ್ಲಿ ಹೆಂಗಸಿಗೆ ಆಗದ್ದು ಏನೂ ಇಲ್ಲ. ಡಿಪಾರ್ಟ್‌ಮೆಂಟುಗಳು ಮಾತ್ರ ಒಂದೊಂದು ಒಂದೊಂದು ಥರ.

ಮೊದಲು ಆ "ಶಕ್ತಿ ಬೇಕು" ಅನ್ನೋ ಮಾತು ಮುಗಿಸೋಣ. ಸೊಂಟದ ಕೀಲು ತಪ್ಪಿದವರನ್ನು ಎಮರ್ಜೆನ್ಸಿಯಲ್ಲಿ ನೋಡಿರುತ್ತೀರಿ. ಸ್ನಾಯು ಬಿಗಿ ಹಿಡಿದಿದ್ದರೆ ಪೈಲ್ವಾನ್ ಬಂದು ಎಳೆದರೂ ಕೂರುವುದಿಲ್ಲ. ಅನಸ್ತೇಷಿಯಾದವರು ಸ್ನಾಯು ಸಡಿಲ ಮಾಡಿಕೊಡಲಿ. ಆಮೇಲೆ ಒಂದು ಕಾಲನ್ನು ಟೇಬಲ್ ಮೇಲೆ ಊರಿ, ನಿಮ್ಮ ಮಂಡಿಯನ್ನು ರೋಗಿಯ ಮಡಿಸಿದ ಮಂಡಿಯ ಕೆಳಗೆ ಕೊಟ್ಟು, ನಿಮ್ಮ ಹಿಮ್ಮಡಿ ಎತ್ತಿ. ಬಹಳಷ್ಟು ಸಲ ಟಕ್ ಅಂತ ಕೂರುತ್ತದೆ. ಭುಜ ತಪ್ಪಿದ್ದರೆ ಬೋರಲು ಮಲಗಿಸಿ, ಕೈಗೆ ತೂಕ ಕಟ್ಟಿ ಇಳಿಬಿಟ್ಟು ಕಾಯುವ ವಿಧಾನವೂ ಇದೆ. ತೊಡೆ ಮೂಳೆಗೆ ರಾಡ್ ಹಾಕುವಾಗ ಕಾಲನ್ನು ಎಳೆದು ಹಿಡಿಯುವುದು ಫ್ರ್ಯಾಕ್ಚರ್ ಟೇಬಲ್. ಡ್ರಿಲ್, ಗರಗಸ, ರೀಮರ್ ಎಲ್ಲಕ್ಕೂ ಮೋಟಾರ್ ಇದೆ. ಮೊದಲ ವರ್ಷ ಕಾಲು ಹಿಡಿದು ನಿಂತು ನಿಂತು ಕೈ ಬಿದ್ದುಹೋಗುತ್ತದೆ, ನಿಜ. ಜೊತೆಗಿರೋ ಹುಡುಗರಿಗೂ ಹಾಗೇ ಆಗುತ್ತದೆ, ಅವರು ಹೇಳಲ್ಲ ಅಷ್ಟೇ. ಟೇಬಲ್ ಎತ್ತರವಾದರೆ ಕಾಲ್ಮಣೆ ಕೇಳಿ. 6 ಸೈಜಿನ ಗ್ಲೌಸ್ ಸ್ಟೋರಿನಲ್ಲಿ ಇಲ್ಲದಿದ್ದರೆ ಇಂಡೆಂಟ್ ಹಾಕಿಸಿ.

ಇನ್ನು ಯಾರೂ ಹೇಳದ ವಿಷಯ, ಬಟ್ಟೆ ಬದಲಿಸೋ ರೂಮು. ನಾನು ಕಲಿತ ಕಡೆ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಎರಡು ಬಾಗಿಲು. ಒಂದರ ಮೇಲೆ "ಡಾಕ್ಟರ್ಸ್", ಇನ್ನೊಂದರ ಮೇಲೆ "ನರ್ಸಸ್". ಡಾಕ್ಟರ್ಸ್ ರೂಮಲ್ಲಿ ಗಂಡಸರು, ಆದ್ದರಿಂದ ನಾನು ನರ್ಸ್‌ಗಳ ಜೊತೆ. ಸುಮ್ನೆ ಒಂದು ರೂಮು ತಾನೇ ಅನ್ನಿಸಬಹುದು. ಆದರೆ ಎರಡು ಕೇಸಿನ ನಡುವೆ ಚಹಾ ಕುಡಿಯುತ್ತಾ ಎಕ್ಸ್‌ರೇ ಚರ್ಚೆ ಆಗುವುದು ಆ ಡಾಕ್ಟರ್ಸ್ ರೂಮಿನಲ್ಲಿ. ಮುಂದಿನ ಕೇಸ್ ಯಾರು ಮಾಡಬೇಕು, ಯಾರಿಗೆ ಸ್ಕ್ರೂ ಹಾಕಲು ಕೊಡಬೇಕು ಅನ್ನುವುದೂ ಅಲ್ಲೇ ತೀರ್ಮಾನ. ನಾನು ಸ್ಕ್ರಬ್ ಆಗುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಕೊನೆಗೆ ಹಿಂದಿನ ದಿನವೇ ನನ್ನ ಕೇಸ್ ಯಾವುದು ಅಂತ ಯೂನಿಟ್ ಚೀಫ್ ಹತ್ತಿರ ಕೇಳಿ ಲಿಸ್ಟಿನಲ್ಲಿ ಬರೆಸಿಕೊಳ್ಳಲು ಶುರು ಮಾಡಿದೆ. ಅವರಿಗೇನೂ ಬೇಜಾರಾಗಲಿಲ್ಲ. ಅವರು ಕೆಟ್ಟವರಲ್ಲ, ಇಂಥದ್ದೊಂದು ತೊಂದರೆ ಇದೆ ಅನ್ನುವುದೇ ಅವರ ತಲೆಗೆ ಹೋಗಿರಲಿಲ್ಲ.

ರೋಗಿಗಳ ವಿಷಯ ತಮಾಷೆ. ಪ್ಲಾಸ್ಟರ್ ಹಾಕಿ ಮುಗಿಸಿ ಕೈ ತೊಳೆಯುತ್ತಿದ್ದರೆ "ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?" ಅಂತ ಕೇಳುತ್ತಾರೆ. ಇದು ವರ್ಷಗಟ್ಟಲೆ ನಡೆಯುತ್ತದೆ, ಅಭ್ಯಾಸ ಮಾಡಿಕೊಳ್ಳಿ. ಅಡಿಕೆ ಮರದಿಂದ ಬಿದ್ದು ಹಿಮ್ಮಡಿ, ಬೆನ್ನುಮೂಳೆ ಮುರಿದುಕೊಂಡು ಬರುವವರಿಗೆ ಡಾಕ್ಟರ್ ಗಂಡೋ ಹೆಣ್ಣೋ ಅನ್ನೋ ಯೋಚನೆ ಇರುವುದಿಲ್ಲ. ನಾಟಿ ಕಟ್ಟು ಬಿಗಿಯಾಗಿ ಬೆರಳು ನೀಲಿಗಟ್ಟಿ ಬರುವ ಮಕ್ಕಳ ಅಪ್ಪಂದಿರಿಗೂ ಅಷ್ಟೇ. ಜಾಸ್ತಿ ಖುಷಿಪಡುವವರು ಮಂಡಿ ನೋವಿನ ಅಜ್ಜಿಯಂದಿರು. ಸೀರೆ ಎತ್ತಿ ಮಂಡಿ ತೋರಿಸಲು ಸಂಕೋಚವಿಲ್ಲ. ಕಕ್ಕಸಿನಲ್ಲಿ ಕೂತರೆ ಏಳಲು ಆಗುವುದಿಲ್ಲ ಅನ್ನೋದನ್ನು ಗಂಡು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿರುವುದೇ ಇಲ್ಲ.

ನೀವು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಸಿ-ಆರ್ಮ್ ಬಗ್ಗೆ, ಅಂದರೆ ಸರ್ಜರಿ ನಡುವೆಯೇ ಎಕ್ಸ್‌ರೇ ತೋರಿಸುವ ಯಂತ್ರದ ಬಗ್ಗೆ. ಸೀಸದ ಏಪ್ರನ್ ಹೆಚ್ಚಾಗಿ ಗಂಡಸರ ಅಳತೆಯದ್ದು. ನಮಗೆ ಕಂಕುಳ ಹತ್ತಿರ ಬಾಯಿ ತೆರೆದುಕೊಂಡಿರುತ್ತದೆ, ಸ್ತನದ ಹೊರಭಾಗಕ್ಕೆ ಕಿರಣ ಬೀಳುವುದು ಅಲ್ಲಿಂದಲೇ. ಮೈಗೆ ಸರಿಯಾಗಿ ಕೂರುವ ಏಪ್ರನ್ ಒಂದನ್ನು ಸ್ವಂತ ದುಡ್ಡಿನಲ್ಲಾದರೂ ತಗೊಳ್ಳಿ, ಥೈರಾಯ್ಡ್ ಕಾಲರ್ ಬಿಡಬೇಡಿ. ಮೈಗೆ ಬಿದ್ದ ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೇಳಿ ಪಡೆಯಿರಿ, ತಾವಾಗಿಯೇ ಕೊಡುವವರು ಕಡಿಮೆ. ಚಿತ್ರ ತೆಗೆಯುವಾಗ ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಬೀಳುವ ಕಿರಣ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಬಸುರಿ ಅಂತ ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಮಗುವಿಗೆ 1 ಮಿಲಿಸೀವರ್ಟ್ ದಾಟಬಾರದು ಅನ್ನುವುದು ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಹಾಗಾಗಿ ಆದಷ್ಟು ಬೇಗ ತಿಳಿಸಿ. ಕೃತಕ ಕೀಲು ಕೂರಿಸುವ ಬೋನ್ ಸಿಮೆಂಟ್ ಕಲಸುವಾಗ ಆವಿ ಏಳುತ್ತದೆ, ಆಗ ಹೊರಗೆ ನಿಲ್ಲಿ. ಒಪಿಡಿ, ವಾರ್ಡು, ಸಿ-ಆರ್ಮ್ ಬೇಡದ ಸರ್ಜರಿ ಅಂತ ಒಳ್ಳೆಯ ಯೂನಿಟ್‌ನಲ್ಲಿ ಹೊಂದಿಸಿಕೊಡುತ್ತಾರೆ. ಹೆರಿಗೆ ರಜೆ ಸಿಗುತ್ತದೆ, ಕೋರ್ಸ್ ಅಷ್ಟು ದಿನ ಮುಂದಕ್ಕೆ ಹೋಗಬಹುದು. ಹೋಗಲಿ ಬಿಡಿ.

ಇನ್ನು "ಒಬಿಜಿ ಹುಡುಗಿಯರಿಗೆ ಆರಾಮ" ಅನ್ನುವವರು ಒಂದು ರಾತ್ರಿ ಲೇಬರ್ ರೂಮಿನಲ್ಲಿ ನಿಂತು ನೋಡಲಿ. ಮಾಂಸ ಸೀಳಿ ಹೊರಬಂದ ಮೂಳೆ, ರಕ್ತ ಓಡಾಟ ನಿಂತ ಕಾಲು, ಇಂಥವು ಬಿಟ್ಟರೆ ನಮ್ಮ ಮುರಿತಗಳು ಪ್ಲಾಸ್ಟರ್ ಸ್ಲ್ಯಾಬ್ ಹಾಕಿಸಿಕೊಂಡು ಬೆಳಗಿನವರೆಗೆ ಕಾಯುತ್ತವೆ. ಹೆರಿಗೆ ಕಾಯುತ್ತದಾ?

ಅಮೆರಿಕದಲ್ಲಿ ರೂತ್ ಜಾಕ್ಸನ್ ಅನ್ನುವವರು 1937ರಲ್ಲಿ ಆರ್ಥೋ ಬೋರ್ಡ್ ಪರೀಕ್ಷೆ ಪಾಸಾದ ಮೊದಲ ಮಹಿಳೆ. ಅಷ್ಟು ವರ್ಷ ಕಳೆದರೂ ಅಲ್ಲಿ ಆರ್ಥೋ ಪ್ರಾಕ್ಟೀಸ್ ಮಾಡುವವರಲ್ಲಿ ಹೆಂಗಸರು ಶೇ. 10 ಕೂಡ ಇಲ್ಲ. ನಮ್ಮಲ್ಲಿ ಎಂಬಿಬಿಎಸ್ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರು, ಆರ್ಥೋ ಕಾನ್ಫರೆನ್ಸಿಗೆ ಹೋದರೆ ಲೇಡೀಸ್ ಟಾಯ್ಲೆಟ್ ಖಾಲಿ ಇರುತ್ತದೆ. ಅದೊಂದೇ ಲಾಭ ಅಂತ ನಾವು ನಾವೇ ನಗುತ್ತೇವೆ.

ಹಾಗಾಗಿ ಕೌನ್ಸೆಲಿಂಗ್‌ನಲ್ಲಿ ಕಾಲೇಜುಗಳ ಚಾಯ್ಸ್ ಹಾಕುವ ಮೊದಲು ಆ ಕಾಲೇಜುಗಳಿಗೆ ಒಮ್ಮೆ ಹೋಗಿ ಬನ್ನಿ. ಮಧ್ಯಾಹ್ನದ ಮೇಲೆ ಹೋಗಿ, ಬೆಳಿಗ್ಗೆ ಯಾರೂ ಮಾತಿಗೆ ಸಿಗುವುದಿಲ್ಲ. ಅಲ್ಲಿ ಮೂರನೇ ವರ್ಷದ ಹುಡುಗಿ ಇದ್ದರೆ ಅವಳ ಲಾಗ್‌ಬುಕ್ ಕೇಳಿ ನೋಡಿ. ಸ್ವಂತವಾಗಿ ಮಾಡಿದ ಕೇಸ್ ಎಷ್ಟು, ಅಸಿಸ್ಟ್ ಮಾಡಿದ್ದು ಎಷ್ಟು, ಜೊತೆಯ ಹುಡುಗನದ್ದು ಎಷ್ಟು, ಇಷ್ಟು ಸಾಕು. ನೈಟ್ ಡ್ಯೂಟಿಗೆ ಹೆಂಗಸರಿಗೆ ಬೇರೆ ರೂಮ್ ಇದೆಯಾ, ಒಳಗಿನಿಂದ ಚಿಲಕ ಇದೆಯಾ ನೋಡಿ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಆ ಪಿಜಿ ಹುಡುಗಿ ಮಲಗಲು ಹೋಗಿದ್ದು ಸೆಮಿನಾರ್ ಹಾಲ್‌ಗೆ ಅನ್ನುವುದನ್ನು ಮರೆಯಬೇಡಿ. ಹುಡುಗಿಯರೇ ಇಲ್ಲದ ಡಿಪಾರ್ಟ್‌ಮೆಂಟಾದರೆ ಯಾಕಿಲ್ಲ ಅಂತ ಕೇಳಿ. "ಯಾರೂ ಬಂದಿಲ್ಲಮ್ಮ, ನೀನು ಬಾ" ಅಂದರೆ ಧೈರ್ಯವಾಗಿ ಸೇರಿ. "ಇದೆಲ್ಲ ನಿಮಗೆ ಕಷ್ಟ ಆಗುತ್ತೆ" ಅಂದರೆ, ಎಷ್ಟೇ ಹೆಸರಿರುವ ಕಾಲೇಜಾಗಲಿ, ಲಿಸ್ಟಿನಲ್ಲಿ ಕೆಳಗೆ ಹಾಕಿ.