ಒಂದರಿಂದ ಮೂರನೇ ತರಗತಿಯ ಇಂಗ್ಲಿಷಿಗೆ ಕಾರ್ಡು ಮಾಡಿಕೊಳ್ಳುವ ಬಗೆ

ಮೇಡಂ, ನಮಸ್ತೆ. ನಿನ್ನೆ ರಾತ್ರಿ ನೀವು ನಮ್ಮ ಶಿಕ್ಷಕರ ಗುಂಪಿನಲ್ಲಿ ಹಾಕಿದ ಪ್ರಶ್ನೆ ಓದಿದೆ. ನಲಿ-ಕಲಿ ಕೋಣೆ, ಅಂದರೆ ಮೂರು ತರಗತಿ ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಯ ಮೂಲಕ ಕಲಿಯುವ ಕೋಣೆ; ಒಂದರಿಂದ ಮೂರರವರೆಗೆ 22 ಮಕ್ಕಳು. ಅಂಗಡಿಯಿಂದ ತಂದ ಎ-ಬಿ-ಸಿ-ಡಿ ಚಾರ್ಟು ಗೋಡೆ ಮೇಲಿದೆ. ಎಲ್ಲರೂ ಸೇರಿ ‘ಎ ಫಾರ್ ಆ್ಯಪಲ್’ ಅಂತ ಜೋರಾಗಿ ಹೇಳುತ್ತಾರೆ, ಒಬ್ಬೊಬ್ಬರನ್ನೇ ಕೇಳಿದರೆ ಬಾಯಿ ಬಿಡುವುದಿಲ್ಲ. ಪ್ರಿಂಟರ್ ಇಲ್ಲ, ಕೈಯಿಂದ ಜಾಸ್ತಿ ಖರ್ಚು ಮಾಡಲೂ ಆಗುವುದಿಲ್ಲ, ಏನೇನು ಮಾಡಿಕೊಳ್ಳಲಿ ಅಂತ ಕೇಳಿದ್ದೀರಿ. ಕೆಲವರು ಆಗಲೇ ಚಿಕ್ಕದಾಗಿ ಉತ್ತರ ಕೊಟ್ಟಿದ್ದಾರೆ. ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

2007-08ರಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದಾಗ ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ನಾನೂ ಚಾರ್ಟು ತಂದು ಅಂಟಿಸಿದ್ದೆ. ಒಂದು ದಿನ ಒಬ್ಬಳು ಹುಡುಗಿ ಇರುವೆ ಚಿತ್ರದ ಕೆಳಗಿದ್ದ ಪದವನ್ನು ‘ಆ್ಯಂಟ್’ ಅಂತ ಟಕ್ಕನೆ ಓದಿದಳು. ಬಹಳ ಖುಷಿಯಾಯಿತು. ಚಿತ್ರದ ಮೇಲೆ ಅಂಗೈ ಇಟ್ಟು, ಇನ್ನೊಂದು ಸಲ ಓದಮ್ಮ ಅಂದೆ. ಅವಳು ನನ್ನ ಕೈಯನ್ನೇ ನೋಡುತ್ತಾ ನಿಂತಳು. ಕೈ ಒಂಚೂರು ಸರಿಸಿದೆ. ಇರುವೆಯ ಒಂದು ಕಾಲು ಕಂಡಿತು. ‘ಆ್ಯಂಟ್’ ಅಂದಳು.

ಅವತ್ತೇ ಕತ್ತರಿ ತಗೊಂಡು ಚಾರ್ಟು ಕತ್ತರಿಸಿದೆ. ಅಂದಿನಿಂದ ನನ್ನ ಎಲ್ಲ ಕಾರ್ಡಿನಲ್ಲೂ ಚಿತ್ರ ಒಂದು ಕಡೆ, ಪದ ಹಿಂದುಗಡೆ. ಎರಡೂ ಒಂದೇ ಕಡೆ ಇದ್ದರೆ ಮಗು ಚಿತ್ರವನ್ನೇ ನೋಡುತ್ತದೆ. ಅಕ್ಷರ ನೋಡುವ ಅಗತ್ಯವೇ ಅದಕ್ಕೆ ಬರುವುದಿಲ್ಲ. ನಿಮ್ಮ ಮಕ್ಕಳು ಒಟ್ಟಿಗೆ ಹೇಳಿ, ಒಬ್ಬೊಬ್ಬರಾಗಿ ಸುಮ್ಮನಾಗುವುದಕ್ಕೂ ಇದೇ ಕಾರಣ. ಗೋಡೆ ಮೇಲಿನ ಚಾರ್ಟಿನಲ್ಲಿ ಮಗುವಿಗೆ ಮಾಡಲು ಕೆಲಸವಿಲ್ಲ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದೇ ಮಗು ತಾನೇ ಕಲಿಕೆಯ ಏಣಿ (ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸುವ ಪಟ್ಟಿ) ನೋಡಿ, ತನ್ನ ಕಾರ್ಡು ತಾನೇ ತೆಗೆದುಕೊಳ್ಳಲಿ ಅಂತ ಅಲ್ವಾ? ಕನ್ನಡಕ್ಕೆ, ಗಣಿತಕ್ಕೆ ಹಾಗೆ ಮಾಡುವ ನಾವು ಇಂಗ್ಲಿಷ್ ಬಂದ ಕೂಡಲೇ ಗೋಡೆಗೆ ಅಂಟಿಸಿಬಿಡುತ್ತೇವೆ.

ಮೊದಲು ಸಾಮಾನಿನ ವಿಷಯ. ಮದುವೆ ಸೀಸನ್ ಮುಗಿದ ಮೇಲೆ ಮಕ್ಕಳಿಗೆ ಹೇಳಿ, ಮನೆಯಲ್ಲಿರುವ ಹಳೇ ಲಗ್ನಪತ್ರಿಕೆ ತರಲಿ. ಒಂದು ವಾರದಲ್ಲಿ ರಾಶಿ ಬೀಳುತ್ತದೆ. ಕಾಗದ ಗಟ್ಟಿ, ಒಳಗಡೆ ಎಷ್ಟೋ ಪತ್ರಿಕೆಗಳಲ್ಲಿ ಖಾಲಿ ಬಿಳಿ ಇರುತ್ತದೆ, ಜೊತೆಗೆ ಬರುವ ಲಕೋಟೆ ಕಾರ್ಡು ಇಡಲು ಆಗುತ್ತದೆ. ಚಪ್ಪಲಿ ಅಂಗಡಿಯಲ್ಲಿ ಖಾಲಿ ರಟ್ಟಿನ ಡಬ್ಬ ಕೇಳಿದರೆ ಕೊಡುತ್ತಾರೆ, ಅದರ ಮೇಲೆ ಬಿಳಿ ಹಾಳೆ ಅಂಟಿಸಿಕೊಳ್ಳಿ. ಇಡೀ ತರಗತಿಗೆ ತೋರಿಸುವ ಕಾರ್ಡು ಎ4 ಹಾಳೆಯ ಅರ್ಧದಷ್ಟಿರಲಿ. ಮಕ್ಕಳು ಕೈಯಲ್ಲಿ ಹಿಡಿಯುವುದು ಅದರ ಕಾಲು ಭಾಗ ಸಾಕು.

ಅಂಟಿಗೆ ಮೈದಾ ಗಂಜಿ ಸಾಕು. ಆದರೆ ಒಂದು ಎಚ್ಚರ. ಹಿಂದೆ ಪುಸ್ತಕ ಬೈಂಡ್ ಮಾಡುವವರು ಹುಳ ಬರದಿರಲಿ ಅಂತ ಗಂಜಿಗೆ ಮೈಲುತುತ್ತ ಹಾಕುತ್ತಿದ್ದರು. ಯಾರಾದರೂ ಹಿರಿಯರು ಹೇಳಿಕೊಟ್ಟರೂ ನೀವು ಹಾಕಬೇಡಿ. ಅದು ವಿಷ, ಒಂದನೇ ತರಗತಿ ಮಕ್ಕಳು ಕಾರ್ಡಿನ ಮೂಲೆ ಬಾಯಿಗಿಡುತ್ತಾರೆ. ಗಂಜಿ ಅವತ್ತಿಗೆ ಬೇಕಾದಷ್ಟೇ ಮಾಡಿ, ತೆಳ್ಳಗೆ ಸವರಿ, ರಾತ್ರಿಯಿಡೀ ಪುಸ್ತಕದ ಗಂಟಿನ ಕೆಳಗಿಟ್ಟು, ಬೆಳಿಗ್ಗೆ ಬಿಸಿಲಿಗೆ ಹಾಕಿ. ರಟ್ಟು ಡೊಂಕಾಗುವುದಿಲ್ಲ.

ಪ್ರಿಂಟರ್ ಇಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಅಕ್ಷರದ ಮಟ್ಟಿಗೆ ಕೈಬರಹವೇ ಒಳ್ಳೆಯದು. ಅಚ್ಚಿನ ಪುಸ್ತಕದಲ್ಲಿ ಸಣ್ಣ ‘ಎ’ ಅಕ್ಷರದ ತಲೆ ಮೇಲೆ ಒಂದು ಕೊಕ್ಕೆ ಇರುತ್ತದೆ ನೋಡಿ. ನಾವು ಮಕ್ಕಳಿಗೆ ಬರೆಸುವಾಗ ಆ ಕೊಕ್ಕೆ ಇಲ್ಲ. ಓದುವುದು ಒಂದು ಆಕಾರ, ಬರೆಯುವುದು ಇನ್ನೊಂದು ಆಕಾರ ಆದರೆ ಆರು ವರ್ಷದ ಮಗು ಏನು ಮಾಡಬೇಕು? ನೀವು ಮಾರ್ಕರಿನಲ್ಲಿ ಬರೆದರೆ ಈ ತೊಂದರೆಯೇ ಇಲ್ಲ. ಎಂದಾದರೂ ಸೈಬರ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ಕಾಮಿಕ್ ಸಾನ್ಸ್ ಅಥವಾ ಸೆಂಚುರಿ ಗಾತಿಕ್ ಅಕ್ಷರ ಕೇಳಿ, ಅವುಗಳ ‘ಎ’ ಕೈಬರಹದ ಹಾಗೇ ಇರುತ್ತದೆ.

ಬಣ್ಣ ಕಪ್ಪು ಅಥವಾ ಕಡುನೀಲಿ. ಬಿಳಿ ಮೇಲೆ ಹಳದಿ, ತಿಳಿಹಸಿರು ಹಿಂದೆ ಕೂತವರಿಗೆ ಕಾಣುವುದೇ ಇಲ್ಲ. ‘ಕೆಂಪು ಗೆರೆ ಇದ್ದರೆ ಇದು, ಹಸಿರು ಗೆರೆ ಇದ್ದರೆ ಅದು’ ಅಂತ ಬರೀ ಬಣ್ಣದ ಗುರುತು ಮಾಡಬೇಡಿ. ಕೆಲವು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಕೆಂಪು-ಹಸಿರು ಬೇರೆಬೇರೆ ಕಾಣುವುದಿಲ್ಲ, ಪಾಪ ಹೇಳಿಕೊಳ್ಳಲೂ ಬರುವುದಿಲ್ಲ. 20 ಅಡಿ ಉದ್ದದ ಕೋಣೆಗೆ ಅಕ್ಷರ 2 ಇಂಚು ಎತ್ತರ ಇರಲಿ. ಬರೆದ ಮೇಲೆ ಕಾರ್ಡನ್ನು ಹಲಗೆಗೆ ಒರಗಿಸಿ, ಹಿಂದಿನ ಗೋಡೆ ಹತ್ತಿರ ಹೋಗಿ ಮಕ್ಕಳ ಎತ್ತರಕ್ಕೆ ಕೂತು ನೋಡಿ.

ಇನ್ನು ಚಿತ್ರ. ಇಲ್ಲೇ ಎಲ್ಲರೂ ಎಡವುವುದು. ಚಿತ್ರ ಚೆಂದ ಇರುವುದು ಮುಖ್ಯ ಅಲ್ಲ, ಅದನ್ನು ನೋಡಿದರೆ ಒಂದೇ ಪದ ಬಾಯಿಗೆ ಬರಬೇಕು. ಹಸು ಹುಲ್ಲು ಮೇಯುತ್ತಿದೆ, ಪಕ್ಕದಲ್ಲಿ ರೈತ, ಹಿಂದೆ ಬೆಟ್ಟ. ಈ ಚಿತ್ರ ತೋರಿಸಿ ‘ಕೌ’ ಅಂದರೆ ಮಗು ಯಾವುದಕ್ಕೆ ‘ಕೌ’ ಅಂದುಕೊಳ್ಳಬೇಕು? ಹಸು ಒಂದೇ ಇರಲಿ, ದಪ್ಪ ಗೆರೆಯಲ್ಲಿ. ಚಿತ್ರ ಬರೆಯಲು ಬರುವುದಿಲ್ಲ ಅಂತ ಹಿಂಜರಿಯಬೇಡಿ, ಮೂರನೇ ತರಗತಿ ಮಕ್ಕಳ ಕೈಯಲ್ಲಿ ಬರೆಸಿ. ಬರೆದದ್ದನ್ನು ಯಾವ ವಿವರಣೆಯೂ ಕೊಡದೆ ಇನ್ನೊಂದು ಮಗುವಿಗೆ ತೋರಿಸಿ, ಇದೇನು ಅಂತ ಕನ್ನಡದಲ್ಲೇ ಕೇಳಿ. ನೀವು ಅಂದುಕೊಂಡದ್ದೇ ಬಂದರೆ ಕಾರ್ಡು ಸರಿ, ಬರದಿದ್ದರೆ ಪಕ್ಕಕ್ಕಿಡಿ.

ಎದುರಿಗೇ ಇರುವ ವಸ್ತುವಿನ ಹೆಸರು ಕಲಿಸಲು ಚಿತ್ರ ಬೇಕಿಲ್ಲ. ಎಲೆ, ಕಲ್ಲು, ಚಮಚ, ಬಾಚಣಿಗೆ, ಬೀಗ, ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮಗು ಕಣ್ಣು ಮುಚ್ಚಿ ಕೈ ಹಾಕಿ, ಮುಟ್ಟಿ ನೋಡಿ ಹೆಸರು ಹೇಳಲಿ. ಓಡು, ಕೂರು, ನೆಗೆ ಅನ್ನುವಂಥ ಕ್ರಿಯಾಪದಕ್ಕೂ ಚಿತ್ರ ಬೇಡ. ನೀವು ಹೇಳಿ, ಅವರು ಮಾಡಲಿ.

ಮೊದಲ ದಿನ ಒಂದು ಕೆಲಸ ಮಾಡಿ. ಮಕ್ಕಳಿಗೆ ಆಗಲೇ ಗೊತ್ತಿರುವ ಇಂಗ್ಲಿಷ್ ಪದಗಳನ್ನು ಹಲಗೆ ಮೇಲೆ ಬರೆಯಿರಿ. ಬಸ್ಸು, ಪೆನ್ನು, ಬುಕ್ಕು, ಬ್ಯಾಗು, ಸೈಕಲ್ಲು, ಗೇಟು, ಲೈಟು, ಬಕೆಟ್ಟು. ಹಲಗೆ ತುಂಬುತ್ತದೆ. ಇವೆಲ್ಲ ಇಂಗ್ಲಿಷ್ ಅಂತ ಗೊತ್ತಾದಾಗ ಆ ಮುಖಗಳನ್ನು ನೋಡಬೇಕು ನೀವು! ಕೊನೆಯ ‘ಉ’ ಬಿಟ್ಟರೆ ಆಯಿತು: ಬಸ್, ಪೆನ್, ಬುಕ್. ಬಿಸ್ಕತ್ತಿನ ಪೊಟ್ಟಣ, ಸೋಪಿನ ಕವರು ಕೂಡ ತರಿಸಿ. ಅಕ್ಷರವೇ ಬಾರದ ಮಗು ಪಾರ್ಲೆ-ಜಿ ಪೊಟ್ಟಣ ನೋಡಿ ಹೆಸರು ಹೇಳುತ್ತದೆ. ಅದರಲ್ಲಿರುವ ‘ಪಿ’ ಕತ್ತರಿಸಿ ಕಾರ್ಡಿಗೆ ಅಂಟಿಸಿದರೆ ಆ ಅಕ್ಷರ ಮರೆಯುವುದಿಲ್ಲ.

ಈಗ ಅಕ್ಷರಕ್ಕೆ ಯಾವ ಚಿತ್ರ ಅನ್ನುವುದು. ಅಂಗಡಿ ಚಾರ್ಟಿನಲ್ಲಿ ನನಗೆ ದೊಡ್ಡ ತಕರಾರು ಇರುವುದೇ ಇಲ್ಲಿ. ‘ಐ’ಗೆ ಐಸ್‌ಕ್ರೀಂ ಹಾಕಿರುತ್ತಾರೆ. ಮುಂದೆ ಮಗು ‘ಪಿನ್’, ‘ಸಿಟ್’ ಓದಬೇಕಾದಾಗ ಬೇಕಾಗುವುದು ‘ಇ’ ಸದ್ದು. ಅದಕ್ಕೆ ಇಂಕ್, ಇನ್‌ಸೆಕ್ಟ್ ಹಾಕಿ. ‘ಎ’ಗೆ ಏರೋಪ್ಲೇನ್ ಬೇಡ, ಆ್ಯಂಟ್ ಅಥವಾ ಆ್ಯಕ್ಸ್. ‘ಒ’ಗೆ ಔಲ್ ಬೇಡ, ಎತ್ತಿನ ಚಿತ್ರ ಹಾಕಿ ಆಕ್ಸ್ ಅನ್ನಿ. ‘ಯು’ಗೆ ಯೂನಿಫಾರಂ ಬೇಡ, ಅಂಬ್ರೆಲ್ಲಾ. ‘ಜಿ’ಗೆ ಜಿರಾಫೆ ಬೇಡ, ಗೋಟ್. ‘ಸಿ’ಗೆ ಚೇರ್ ಬೇಡ, ನಮ್ಮ ತಿಪಟೂರು ಕಡೆ ಮಕ್ಕಳಿಗೆ ಕೋಕನಟ್‌ಗಿಂತ ಒಳ್ಳೆಯದು ಯಾವುದಿದೆ? ‘ಎಕ್ಸ್’ಗೆ ಯಾರೂ ಕಾಣದ ಕ್ಸೈಲೋಫೋನು ಯಾಕೆ? ಆ ಸದ್ದು ಪದದ ಕೊನೆಯಲ್ಲಿ ಬರಲಿ ಬಿಡಿ: ಬಾಕ್ಸ್, ಫಾಕ್ಸ್.

ಎ-ಬಿ-ಸಿ ಸಾಲಿನಲ್ಲೇ ಹೋಗಬೇಕು ಅಂತೇನಿಲ್ಲ. ಎಸ್, ಎ, ಟಿ, ಪಿ, ಐ, ಎನ್ ಈ ಆರು ಅಕ್ಷರ ಮೊದಲು ಮಾಡಿಕೊಳ್ಳಿ. ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್, ನ್ಯಾಪ್, ಇಷ್ಟೆಲ್ಲ ಪದ ಇವುಗಳಲ್ಲೇ ಆಗುತ್ತದೆ. ಮಗು ಎರಡು-ಮೂರು ವಾರದಲ್ಲೇ ತಾನೇ ಕಾರ್ಡು ಜೋಡಿಸಿ ಓದುತ್ತದೆ. ಸಾಲಿನಲ್ಲೇ ಹೋದರೆ ‘ಟಿ’ ಬರುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ.

ಸಣ್ಣ ಬಿ, ಡಿ ಎರಡನ್ನೂ ಒಂದೇ ವಾರ ತರಬೇಡಿ. ಬಿ ಕಾರ್ಡು ಬುಡಮೇಲಾದರೆ ಕ್ಯೂ, ಡಿ ಬುಡಮೇಲಾದರೆ ಪಿ, ಎನ್ ಬುಡಮೇಲಾದರೆ ಯು. ಅದಕ್ಕೇ ಎಲ್ಲ ಅಕ್ಷರದ ಕಾರ್ಡಿಗೂ ಬುಡದಲ್ಲಿ ಒಂದು ಗೆರೆ ಎಳೆದು, ಮೇಲಿನ ಬಲಮೂಲೆ ಕತ್ತರಿಸಿ. ಹಾಗೂ ಗೊಂದಲ ಮಾಡಿಕೊಳ್ಳುವ ಮಗುವಿಗೆ ಉಪ್ಪುಕಾಗದದಲ್ಲಿ ‘ಬಿ’ ಆಕಾರ ಕತ್ತರಿಸಿ ರಟ್ಟಿಗೆ ಅಂಟಿಸಿಕೊಡಿ, ಬೆರಳಿನಿಂದ ತೀಡಲಿ.

ಉಚ್ಚಾರಣೆಗೂ ಚಿತ್ರ ಸಹಾಯಕ್ಕೆ ಬರುತ್ತದೆ. ಎಲೆಗೆ ‘ಯೆಲೆ’ ಅನ್ನುವ ನಮ್ಮ ಬಾಯಿ ಎಗ್‌ಗೆ ‘ಯೆಗ್ಗು’ ಅನ್ನುವುದು ಸಹಜ, ಅದಕ್ಕೆ ಬೈಯಬೇಡಿ. ವ್ಯಾನ್, ವಾಚ್ ಎರಡೂ ನಮಗೆ ಒಂದೇ ‘ವ’. ನಾನು ಎರಡು ಬಾಯಿಯ ಚಿತ್ರ ಬರೆದಿಟ್ಟುಕೊಂಡಿದ್ದೇನೆ. ಒಂದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಿದೆ, ಇನ್ನೊಂದರಲ್ಲಿ ತುಟಿ ದುಂಡಗಾಗಿದೆ. ವ್ಯಾನ್, ಫ್ಯಾನ್, ಫಿಶ್ ಮೊದಲನೆಯ ಬಾಯಿ. ವಾಚ್, ವಾಟರ್ ಎರಡನೆಯದು. ಒಂದು ಸಣ್ಣ ಕನ್ನಡಿ ಕೊಟ್ಟರೆ ಮಕ್ಕಳು ತಮ್ಮ ಬಾಯಿ ತಾವೇ ನೋಡಿ ಸರಿಮಾಡಿಕೊಳ್ಳುತ್ತಾರೆ.

ಇನ್, ಆನ್, ಅಂಡರ್ ಬಗ್ಗೆ ಕೇಳಿದ್ದಿರಿ. ಇದಕ್ಕೆ ಕಾರ್ಡು ಬೇಡ, ಒಂದು ಕರಟ, ಒಂದು ನಿಂಬೆಹಣ್ಣು ಸಾಕು. ಕರಟಕ್ಕೆ ಕಪ್ ಅಂತಲೇ ಹೆಸರಿಡಿ. ನಿಂಬೆಹಣ್ಣು ಒಳಗೆ ಹಾಕಿ: ‘ಇನ್ ದ ಕಪ್’. ಕರಟ ಬೋರಲು ಹಾಕಿ ಮೇಲಿಡಿ: ‘ಆನ್ ದ ಕಪ್’. ಕೆಳಗೆ ಬಚ್ಚಿಡಿ: ‘ಅಂಡರ್ ದ ಕಪ್’. ಕನ್ನಡದಲ್ಲಿ ‘ಕಪ್ಪಿನ ಒಳಗೆ’ ಅನ್ನುತ್ತೇವೆ, ವಸ್ತು ಮೊದಲು, ಜಾಗ ಆಮೇಲೆ. ಇಂಗ್ಲಿಷಿನಲ್ಲಿ ಉಲ್ಟಾ. ಬಾಯಿಮಾತಿನಲ್ಲಿ ಇದನ್ನು ಎಷ್ಟು ವಿವರಿಸಿದರೂ ತಲೆಗೆ ಹತ್ತುವುದಿಲ್ಲ. ನಾಲ್ಕು ದಿನ ಕರಟದ ಆಟ ಆಡಿದ ಮೇಲೆ ಮಕ್ಕಳೇ ಟೀಚರ್‌ಗೆ ಕಣ್ಣು ಮುಚ್ಚಿಸಿ ಪ್ರಶ್ನೆ ಕೇಳುತ್ತಾರೆ.

ಮೂರು ತರಗತಿ ಒಟ್ಟಿಗಿರುವುದು ನಿಮಗೆ ಕಷ್ಟ ಅನ್ನಿಸಿದೆ. ಒಂದೇ ಕಟ್ಟು ಕಾರ್ಡು ಮೂವರಿಗೂ ಆಗುತ್ತದೆ. ಒಂದನೆಯವರು ಚಿತ್ರಕ್ಕೆ ವಸ್ತು ಹೊಂದಿಸಲಿ: ಬಾಚಣಿಗೆ ಚಿತ್ರದ ಮೇಲೆ ಬಾಚಣಿಗೆ ಇಟ್ಟು ‘ಕೋಮ್’ ಅನ್ನಲಿ. ಎರಡನೆಯವರು ಚಿತ್ರಕ್ಕೆ ಪದ ಹೊಂದಿಸಿ, ಕಾರ್ಡು ತಿರುಗಿಸಿ ಸರಿಯೋ ತಪ್ಪೋ ತಾವೇ ನೋಡಿಕೊಳ್ಳಲಿ. ಮೂರನೆಯವರಿಗೆ ‘ದಿಸ್ ಈಸ್ ಎ’ ಅಂತ ಬರೆದ ಉದ್ದ ಪಟ್ಟಿ ಒಂದು, ‘ದಿಸ್ ಈಸ್ ಆ್ಯನ್’ ಅಂತ ಬರೆದದ್ದು ಒಂದು ಕೊಡಿ. ಯಾವ ಕಾರ್ಡು ಯಾವ ಪಟ್ಟಿಯ ಪಕ್ಕ ಬರುತ್ತದೆ ಅಂತ ಅವರು ಇಡಲಿ. ನೀವು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗುತ್ತಾ ಒಬ್ಬೊಬ್ಬರ ಬಾಯಿಂದಲೂ ಒಂದು ಮಾತು ಕೇಳಬಹುದು.

ಎಲ್ಲರಿಗೂ ಸೇರಿ ತೋರಿಸುವಾಗ ಕಾರ್ಡಿನ ಮುಂದೆ ಒಂದು ಹಾಳೆ ಹಿಡಿದು ನಿಧಾನಕ್ಕೆ ಕೆಳಗೆ ಜಾರಿಸಿ. ಕಿವಿ ಕಂಡಾಗ ಒಬ್ಬ ‘ರ‍್ಯಾಬಿಟ್’ ಅಂತಾನೆ, ಇನ್ನೊಬ್ಬ ‘ಡಾಂಕಿ’ ಅಂತಾನೆ. ಯಾರೂ ಸುಮ್ಮನೆ ಕೂರುವುದಿಲ್ಲ. ಇನ್ನೊಂದು ಆಟ, ಐದು ಕಾರ್ಡು ಇಟ್ಟು, ಕಣ್ಣು ಮುಚ್ಚಿಸಿ ಒಂದು ತೆಗೆದು, ಯಾವುದು ಹೋಯಿತು ಅಂತ ಕೇಳುವುದು. ಹೊಸ ಪದ ಒಂದು ದಿನಕ್ಕೆ ಐದಾರು ಸಾಕು.

ಹಳೇ ಸೀರೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಜೇಬು ಹೊಲಿಸಿಕೊಂಡರೆ ಕಾರ್ಡು ಸಿಕ್ಕಿಸುವ ಪರದೆ ಸಿದ್ಧ. ಒಂದನೇ ತರಗತಿ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ, ಪರದೆ ಅಲ್ಲಿಗೆ ಬರುವ ಹಾಗೆ ಕಟ್ಟಿ. ಚಪ್ಪರಕ್ಕೆ (ಕೋಣೆಯಲ್ಲಿ ತಲೆ ಮೇಲೆ ಕಟ್ಟಿದ ದಾರಗಳಿಗೆ) ನೇತುಹಾಕುವ ಕಾರ್ಡು ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ತಿಂಗಳುಗಟ್ಟಲೆ ಒಂದೇ ಇದ್ದರೆ ಮಕ್ಕಳು ತಲೆ ಎತ್ತುವುದೇ ಇಲ್ಲ.

ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿ ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದಾರೆ. ಸಣ್ಣ ಕಾರ್ಡಿಗೆ ಅದು ಒಳ್ಳೆಯದೇ. ಎಲ್ಲರಿಗೂ ತೋರಿಸುವ ದೊಡ್ಡದಕ್ಕೆ ಬೇಡ, ಕಿಟಕಿ ಬೆಳಕು ಹೊಳೆದು ಒಂದು ಕಡೆ ಕೂತವರಿಗೆ ಬರೀ ಬಿಳುಪು ಕಾಣುತ್ತದೆ. ಅಗಲದ ಸೆಲ್ಲೋಟೇಪನ್ನು ನಾಲ್ಕೂ ಅಂಚಿಗೆ ಮಡಚಿ ಹಚ್ಚಿದರೆ ಸಾಕು. ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಒಂದು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆ ಜೊತೆ ತಗಡಿನ ಟ್ರಂಕಿನಲ್ಲಿಟ್ಟು, ಟ್ರಂಕನ್ನು ಇಟ್ಟಿಗೆ ಮೇಲೆ ಕೂರಿಸಿ. ನೆಲಕ್ಕೆ ತಾಗಿದರೆ ಗೆದ್ದಲು ಬಿಡುವುದಿಲ್ಲ. ನುಸಿಗುಳಿಗೆ ಮಾತ್ರ ಹಾಕಬೇಡಿ, ಕಾರಣ ಮೈಲುತುತ್ತದ್ದೇ.

ಒಂದೇ ಸಲ ನೂರು ಕಾರ್ಡು ಮಾಡಲು ಹೋಗಬೇಡಿ ಮೇಡಂ. ಈ ಭಾನುವಾರ 12 ಮಾಡಿ: ಮೇಲೆ ಹೇಳಿದ ಆರು ಅಕ್ಷರ, ಆರು ಚಿತ್ರ. ಚಿತ್ರದ ಫೋಟೊಗಳನ್ನು ಹೆಸರು ಬರೆಯದೆ ಇಲ್ಲೇ ಹಾಕಿ. ಇದೇನು ಅಂತ ನಾವೆಲ್ಲ ಹೇಳುತ್ತೇವೆ. ಇಬ್ಬರು ಬೇರೆಬೇರೆ ಹೇಳಿದರೆ ಆ ಚಿತ್ರ ಬದಲಾಯಿಸಿಕೊಂಡು ಸೋಮವಾರ ತರಗತಿಗೆ ತಗೊಂಡು ಹೋಗಿ.